ಗೆರೆ ಎಳೆದವರು ಯಾರು?

ಮನುಷ್ಯನಿಗೂ ಪ್ರಾಣಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಯನ್ನು ತತ್ವಶಾಸ್ತ್ರದ ಪಂಡಿತರು ಎರಡು ಸಾವಿರ ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಉತ್ತರಗಳೂ ಬೇಕಾದಷ್ಟಿವೆ. ಮನುಷ್ಯನಿಗೆ ವಿವೇಕ ಇದೆ, ಪ್ರಾಣಿಗೆ ಇಲ್ಲ. ಮನುಷ್ಯನಿಗೆ ಮಾತಿದೆ, ಪ್ರಾಣಿಗೆ ಇಲ್ಲ. ಮನುಷ್ಯನಿಗೆ ಧರ್ಮ ಇದೆ, ಪ್ರಾಣಿಗೆ ಇಲ್ಲ. ಮನೆತನದಲ್ಲೇ ಮೊದಲ ಸಲ ಕಾಲೇಜಿನ ಬೆಂಚು ಕಂಡ ನಾವು ಈ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪಾಸಾಗಿ ಬಂದಿದ್ದೇವೆ. ನೀವು ಈ ಗೆರೆಯ ಯಾವ ಕಡೆಯವರು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಊರಿಗೆ ಅದು ಮೊದಲೇ ಗೊತ್ತಿತ್ತು.

ಹಳ್ಳಿಯ ಶಾಲೆಗಳಲ್ಲಿ ಇವತ್ತಿಗೂ ಒಂದು ಮಾತು ಓಡಾಡುತ್ತದೆ: 'ನಿಂಗೆ ಓದು ಹತ್ತಲ್ಲ, ದನ ಕಾಯೋಕೆ ಹೋಗು.' ಇದನ್ನು ಸಾಹುಕಾರರ ಮಗನಿಗೂ ಹೇಳುತ್ತಾರೆ, ಜೀತಗಾರನ ಮೊಮ್ಮಗನಿಗೂ ಹೇಳುತ್ತಾರೆ. ಮೊದಲನೆಯವನಿಗೆ ಅದು ಬೈಗುಳ. ಎರಡನೆಯವನಿಗೆ ಅದು ಅವನ ಅಜ್ಜನ ವಿಳಾಸ. 1976ರಲ್ಲಿ ಜೀತಪದ್ಧತಿ ರದ್ದತಿಯ ಕಾನೂನು ಬರುವವರೆಗೂ, ಬಂದ ಮೇಲೂ ಬಹಳ ಕಾಲ, ಸಾಲಕ್ಕೆ ಬದಲಾಗಿ ಗೌಡರ ಕೊಟ್ಟಿಗೆಗೆ ಬಿಟ್ಟ ಮಕ್ಕಳು ದನದ ಜೊತೆಗೇ ಎದ್ದು ದನದ ಜೊತೆಗೇ ಮಲಗಿದರು. ಆ ಕೊಟ್ಟಿಗೆಯಲ್ಲಿ ತತ್ವಶಾಸ್ತ್ರದ ಗೆರೆ ಎಲ್ಲಿತ್ತು? ಗೋದಲಿಯ ಈ ಕಡೆಗೋ, ಆ ಕಡೆಗೋ?

ಆದ್ದರಿಂದ ನಾವು ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇವೆ. ವ್ಯತ್ಯಾಸ ಏನು ಅನ್ನೋದು ಆಮೇಲಿರಲಿ. ಗೆರೆ ಎಳೆದವನು ಯಾರು? ಅವನು ಗೆರೆ ಎಳೆಯುತ್ತಿದ್ದಾಗ ಅವನ ಹೊಲದಲ್ಲಿ ಯಾರು ಉಳುತ್ತಿದ್ದರು?

*

ಗ್ರೀಸ್ ದೇಶದ ಅರಿಸ್ಟಾಟಲ್‌ನಿಂದ ಶುರು ಮಾಡೋಣ. ನಮ್ಮ ಪಠ್ಯಪುಸ್ತಕಗಳು ಅಲ್ಲಿಂದಲೇ ಶುರುವಾಗುತ್ತವೆ. ಕ್ರಿಸ್ತಪೂರ್ವ 4ನೇ ಶತಮಾನದ ಈ ಮಹಾಶಯ ರಾಜನೀತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳುವುದು ಇಷ್ಟು: ಪ್ರಾಣಿಗಳಿಗೂ ದನಿ ಇದೆ, ಆದರೆ ಆ ದನಿ ನೋವು ನಲಿವನ್ನು ಮಾತ್ರ ತಿಳಿಸಬಲ್ಲದು. ಮನುಷ್ಯನಿಗೆ ಮಾತಿದೆ. ಮಾತು ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ತಿಳಿಸಬಲ್ಲದು. ಕೇಳಲಿಕ್ಕೆ ಚೆನ್ನಾಗಿದೆ. ನಾವೂ ತಲೆದೂಗಬಹುದು. ಆದರೆ ಅದೇ ಗ್ರಂಥದಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದರೆ ಗುಲಾಮ ಬರುತ್ತಾನೆ. ಕೆಲವರು ಹುಟ್ಟಿನಿಂದಲೇ ಗುಲಾಮರು. ಗುಲಾಮನ ಉಪಯೋಗಕ್ಕೂ ಸಾಕುಪ್ರಾಣಿಯ ಉಪಯೋಗಕ್ಕೂ ಅಂಥ ವ್ಯತ್ಯಾಸವಿಲ್ಲ, ಎರಡೂ ಮೈಯಿಂದ ದುಡಿದು ಯಜಮಾನನ ಬದುಕಿಗೆ ಒದಗುತ್ತವೆ ಅನ್ನುತ್ತಾನೆ. ಹಾಗಾದರೆ ಗುಲಾಮನಿಗೆ ಮಾತು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅದಕ್ಕೂ ಒಂದು ಸಮಜಾಯಿಷಿ ಇದೆ: ಯಜಮಾನನ ವಿವೇಕ ಅರ್ಥವಾಗುವಷ್ಟು ಬುದ್ಧಿ ಗುಲಾಮನಿಗೆ ಇದೆ, ಸ್ವಂತ ವಿವೇಕ ಇಲ್ಲ!

ಇದು ಎಂಥ ವಿವೇಕ ನೋಡಿ. ಆಜ್ಞೆ ಪಾಲಿಸುವಾಗ ಮನುಷ್ಯ, ಕೂಲಿ ಕೇಳುವಾಗ ಎತ್ತು.

1637ರಲ್ಲಿ ಫ್ರಾನ್ಸಿನ ದೆಕಾರ್ತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪ್ರಾಣಿ ಅಂದರೆ ಯಂತ್ರ, ಗಡಿಯಾರ ಹೇಗೆ ಚಕ್ರ ಸ್ಪ್ರಿಂಗುಗಳಿಂದ ಓಡುತ್ತದೋ ಹಾಗೆ ಅಂದ. ಅದೇ ಶತಮಾನದಲ್ಲಿ ಯೂರೋಪಿನ ಹಡಗುಗಳು ಆಫ್ರಿಕಾದ ಜನರನ್ನು ದನ ತುಂಬಿದ ಹಾಗೆ ತುಂಬಿಕೊಂಡು ಅಟ್ಲಾಂಟಿಕ್ ದಾಟುತ್ತಿದ್ದವು. ದಡದಲ್ಲಿ ಹಲ್ಲು ನೋಡಿ, ರಟ್ಟೆ ಮುಟ್ಟಿ, ಹರಾಜು ಕೂಗುತ್ತಿದ್ದರು. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದವರು ಒಟಾ ಬೆಂಗಾ ಎಂಬ ಕಾಂಗೋ ದೇಶದ ಮನುಷ್ಯನನ್ನು ಮಂಗಗಳ ಮನೆಯಲ್ಲಿ ಪ್ರದರ್ಶನಕ್ಕೆ ಇಟ್ಟರು. ನೋಡಲು ಬಂದವರೆಲ್ಲ ವಿವೇಕಿಗಳು, ಮಾತು ಬಲ್ಲವರು, ಧರ್ಮಿಷ್ಠರು. 1916ರಲ್ಲಿ ಒಟಾ ಬೆಂಗಾ ತನ್ನ ಎದೆಗೆ ತಾನೇ ಗುಂಡು ಹೊಡೆದುಕೊಂಡು ಸತ್ತ.

*

ಅದು ಅವರ ಕಥೆ. ನಮ್ಮ ದೇಶದ್ದು ಇನ್ನೂ ನಯವಾದ ಕೆಲಸ. ಅಲ್ಲಿ ಗೆರೆ ಎಳೆದರು, ಇಲ್ಲಿ ಏಣಿ ಹಾಕಿದರು. ಗೆರೆಯಾದರೆ ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ಪ್ರಾಣಿಗಳು. ಏಣಿಯಲ್ಲಿ ಹಾಗಿಲ್ಲ. ಕೆಲವು ಪ್ರಾಣಿಗಳು ಮೇಲಿನ ಮೆಟ್ಟಿಲಲ್ಲಿ, ಕೆಲವು ಮನುಷ್ಯರು ಕೆಳಗಿನ ಮೆಟ್ಟಿಲಲ್ಲಿ.

ಛಾಂದೋಗ್ಯ ಉಪನಿಷತ್ತನ್ನು ತೆಗೆದು ನೋಡಿ. ಕೆಟ್ಟ ನಡತೆಯವರು ಮುಂದಿನ ಜನ್ಮದಲ್ಲಿ ಎಲ್ಲಿ ಹುಟ್ಟುತ್ತಾರೆ? ನಾಯಿಯ ಗರ್ಭದಲ್ಲಿ, ಹಂದಿಯ ಗರ್ಭದಲ್ಲಿ, ಇಲ್ಲವೇ ಚಂಡಾಲನ ಮನೆಯಲ್ಲಿ. ನಾಯಿ, ಹಂದಿ, ಚಂಡಾಲ, ಮೂರೂ ಒಂದೇ ಸಾಲು. ಮನುಸ್ಮೃತಿಯ 11ನೇ ಅಧ್ಯಾಯ ನೋಡಿ. ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಉಡ, ಗೂಬೆ, ಕಾಗೆ ಇವುಗಳನ್ನು ಕೊಂದರೆ ಶೂದ್ರನನ್ನು ಕೊಂದದ್ದಕ್ಕೆ ಏನು ಪ್ರಾಯಶ್ಚಿತ್ತವೋ ಅದೇ ಪ್ರಾಯಶ್ಚಿತ್ತ. ಶೂದ್ರನ ಜೀವದ ಬೆಲೆ ಒಂದು ಕಪ್ಪೆ. ಅವರ್ಣರ ಬೆಲೆಯನ್ನು ಕೇಳುವುದೇ ಬೇಡ. ಗೋವಿನ ಬೆಲೆ ಎಷ್ಟು ಅನ್ನೋದು ನಿಮಗೆಲ್ಲ ಗೊತ್ತು.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು ಭಗವದ್ಗೀತೆ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ವಿದ್ಯಾವಂತ ಬ್ರಾಹ್ಮಣ, ಹಸು, ಆನೆ, ನಾಯಿ, ನಾಯಿ ತಿನ್ನುವ ಚಂಡಾಲ ಇವರೆಲ್ಲರನ್ನೂ ಜ್ಞಾನಿ ಸಮವಾಗಿ ನೋಡುತ್ತಾನೆ ಅಂತ ಅಲ್ಲಿ ಇದೆಯಲ್ಲ, ಇದಕ್ಕಿಂತ ಸಮಾನತೆ ಬೇಕೆ ಅನ್ನುತ್ತಾರೆ. ಸ್ವಾಮಿ, ನೋಡುವುದನ್ನು ನೋಡಲಿ. ನೋಡಿದ ಮೇಲೆ ನೀರು ಕೊಡುತ್ತಾನೆಯೇ? ಹಸುವಿಗೆ ಕೊಟ್ಟಾನು, ಆನೆಗೆ ಕೊಟ್ಟಾನು. ಐದನೆಯವನ ಸರದಿ ಬಂದಾಗ ಕೊಡ ಎಲ್ಲಿರುತ್ತದೆ?

ಇದು ಬರೀ ಮಾತಿನ ಚಮತ್ಕಾರ ಅಲ್ಲ. ಮಹಾಡದಲ್ಲಿ ನಡೆದದ್ದೇ ಇದು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು 1923ರಲ್ಲಿ ಬೊಂಬಾಯಿ ಶಾಸನಸಭೆ ಠರಾವು ಮಾಡಿತ್ತು. ಮಹಾಡದ ಪುರಸಭೆ ತನ್ನ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದೂ ಇತ್ತು. ಆ ಕೆರೆಯಲ್ಲಿ ದನಕರುಗಳು ಕುಡಿಯಬಹುದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದು ತಲೆ ಒಡೆದರು. ಆಮೇಲೆ ಕೆರೆಗೆ ಶುದ್ಧಿ ಮಾಡಿದರು. ಯಾತರಿಂದ? ಹಾಲು, ಮೊಸರು, ಸಗಣಿ, ಗಂಜಲ ತುಂಬಿದ 108 ಮಡಕೆಗಳಿಂದ. ಮನುಷ್ಯನ ಕೈ ತಾಗಿ ಮೈಲಿಗೆಯಾದ ನೀರು ದನದ ಸಗಣಿ ಬಿದ್ದು ಮಡಿಯಾಯಿತು. ಮನುಷ್ಯನಿಗೂ ಪ್ರಾಣಿಗೂ ಇರುವ ವ್ಯತ್ಯಾಸದ ಬಗ್ಗೆ ಭಾರತೀಯ ತತ್ವಶಾಸ್ತ್ರ ಆಡಿದ ಮಾತುಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ನಮಗೆ ಕಂಡಿಲ್ಲ. ಆ ಕೆರೆಯ ಮೊಕದ್ದಮೆ ಬೊಂಬಾಯಿ ಹೈಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಕಾಯಬೇಕಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

*

ಈ ಏಣಿ ನಿಂತಿರುವುದು ಒಂದು ಸುಲಭದ ಮೋಸದ ಮೇಲೆ. ಮೊದಲು ಕಿತ್ತುಕೋ, ಆಮೇಲೆ ಇಲ್ಲ ಅನ್ನು. ನಮ್ಮ ಶಾಲೆಗಳಲ್ಲಿ ಒಂದು ಸಂಸ್ಕೃತ ಸುಭಾಷಿತ ಹೇಳಿಕೊಡುತ್ತಾರೆ. ಊಟ, ನಿದ್ದೆ, ಭಯ, ಸಂಭೋಗ ಇವು ಪಶುವಿಗೂ ಮನುಷ್ಯನಿಗೂ ಸಮಾನವಂತೆ; ಧರ್ಮ ಒಂದೇ ಮನುಷ್ಯನಿಗೆ ಹೆಚ್ಚಂತೆ; ಅದಿಲ್ಲದವನು ಪಶುವಂತೆ. ಸರಿ. ಆ ಧರ್ಮವನ್ನು ತಿಳಿಯುವುದು ಹೇಗೆ? ವೇದದಿಂದ. ವೇದ ಕೇಳುವ ಹಕ್ಕು ಯಾರಿಗೆ? ಶೂದ್ರನಿಗಿಲ್ಲ, ಹೆಂಗಸಿಗಿಲ್ಲ, ಅಸ್ಪೃಶ್ಯನಿಗಂತೂ ಇಲ್ಲವೇ ಇಲ್ಲ. ಅಂದರೆ ಧರ್ಮವಿಲ್ಲದವನು ಪಶು ಎಂದವರೇ ಧರ್ಮದ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಕ್ಷರ ಮುಟ್ಟಬೇಡ ಅಂದವರೇ 'ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ' ಎಂದು ನಕ್ಕರು. ಕಿನ್ನರಿಯನ್ನು ಕೋಣನ ಕೈಗೆ ಎಂದೂ ಕೊಡದವರು ಕೋಣನಿಗೆ ಸಂಗೀತ ಬರುವುದಿಲ್ಲ ಅಂತ ಸಿದ್ಧಾಂತ ಮಾಡಿದರು. ಇದನ್ನು ನಾವು ಗಾದೆ ಅಂತ ಆಡುತ್ತೇವೆ. ಇದು ತೀರ್ಪು.

ಜಾತಿ ಎಂಬ ಪದವನ್ನೇ ನೋಡಿ. ಸಂತೆಯಲ್ಲಿ 'ಜಾತಿ ಎತ್ತು' ಅನ್ನುತ್ತೇವೆ, 'ಜಾತಿ ನಾಯಿ' ಅನ್ನುತ್ತೇವೆ. ಹಸುವಿಗೆ ಇರುವ ಹಸುತನಕ್ಕೆ ತರ್ಕಶಾಸ್ತ್ರದಲ್ಲೂ ಜಾತಿ ಎಂದೇ ಹೆಸರು. ಮೀಮಾಂಸಕ ಕುಮಾರಿಲ ಭಟ್ಟ ಬ್ರಾಹ್ಮಣ್ಯವೂ ಅಂಥದೇ ಒಂದು ನಿಜವಾದ ಜಾತಿ, ಹುಟ್ಟಿನಿಂದ ಬಂದದ್ದು ಎಂದು ವಾದಿಸಿದ. ಅಂದರೆ ಕುದುರೆಗೂ ಕತ್ತೆಗೂ ಇರುವಂಥ ಅಂತರ ಮನುಷ್ಯ ಮನುಷ್ಯನ ನಡುವೆಯೂ ಇದೆ ಅನ್ನುವ ವಾದ. ಇದಕ್ಕೆ ಉತ್ತರ ಕೊಡಲು ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಕುಮಾರಿಲನಿಗಿಂತ ಸಾವಿರ ವರ್ಷ ಮೊದಲೇ ಬುದ್ಧ ಉತ್ತರ ಕೊಟ್ಟಿದ್ದಾನೆ. ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು ಇದೇ ಪ್ರಶ್ನೆ ಎತ್ತುತ್ತಾರೆ. ಬುದ್ಧ ಅವರಿಗೆ ಹುಲ್ಲು, ಹುಳ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ ಒಂದೊಂದನ್ನೇ ತೋರಿಸುತ್ತಾನೆ. ಇವುಗಳಲ್ಲಿ ಹುಟ್ಟಿನಿಂದ ಬಂದ ಗುರುತುಗಳಿವೆ, ಬೇರೆ ಬೇರೆ ಜಾತಿಗಳಿವೆ. ಮನುಷ್ಯರಲ್ಲಿ ತಲೆಯಿಂದ ಕಾಲಿನವರೆಗೆ ಹುಡುಕಿದರೂ ಅಂಥ ಗುರುತು ಸಿಕ್ಕುವುದಿಲ್ಲ ಅನ್ನುತ್ತಾನೆ. ಮನುಷ್ಯರಲ್ಲಿ ಇರುವ ಭೇದ ಬರೀ ಹೆಸರಿನದು, ಕಸುಬಿನದು. ಇಷ್ಟು ಸರಳ. ಈ ಸರಳವಾದ ಮಾತನ್ನು ಹೇಳಿದವನನ್ನು ಈ ದೇಶ ಏನು ಮಾಡಿತು? ಮೊದಲು ಓಡಿಸಿತು, ಆಮೇಲೆ ಅವತಾರ ಮಾಡಿತು.

*

ಇದೆಲ್ಲ ಹಳೆಯ ಪುರಾಣ, ಈಗ ಯಾಕೆ ಅನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರು ಕರ್ನಾಟಕ ಸರ್ಕಾರ 2000ದಲ್ಲಿ ಮಾಡಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ಓದಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೊರಗರಿಗೆ ಏನು ಮಾಡಿದರೆ ಅಪರಾಧ ಎಂದು ಆ ಕಾಯ್ದೆ ಪಟ್ಟಿ ಕೊಡುತ್ತದೆ. ಬಿಟ್ಟಿ ದುಡಿಸುವುದು. ಇತರರಿಗಿಂತ ಕೀಳು ಮನುಷ್ಯರು ಎಂದು ನಡೆಸಿಕೊಳ್ಳುವುದು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ತಿನ್ನಿಸುವುದು. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಕೋಣಗಳ ಹಾಗೆ ಎಂಬ ಮಾತು ನಮ್ಮ ಕಾವ್ಯದ ಉಪಮೆ ಅಲ್ಲ. ಸರ್ಕಾರಿ ಕಾನೂನಿನೊಳಗೆ ಅಚ್ಚಾದ ಮಾತು. 20ನೇ ಶತಮಾನ ಮುಗಿಯುವ ಹೊತ್ತಿಗೆ ಮನುಷ್ಯರನ್ನು ಕೋಣಗಳ ಹಾಗೆ ಓಡಿಸಬಾರದು ಅಂತ ಒಂದು ರಾಜ್ಯ ಕಾನೂನು ಮಾಡಬೇಕಾಯಿತು.

ಮುಂದಿನದನ್ನು ಕೇಳಿ. 2016ರಲ್ಲಿ ಕೋಣಗಳಿಗೆ ಹಿಂಸೆ ಆಗುತ್ತದೆ ಎಂಬ ಅರ್ಜಿಯ ಮೇಲೆ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಿತು. ಬೀದಿ ತುಂಬ ಜನ, ಟೀವಿ ತುಂಬ ಚರ್ಚೆ. ಸಂಸ್ಕೃತಿ ಉಳಿಯಬೇಕೋ, ಕೋಣದ ಬೆನ್ನು ಉಳಿಯಬೇಕೋ ಎಂದು ನಾಡೇ ಎರಡು ಭಾಗವಾಯಿತು. 2017ರಲ್ಲಿ ವಿಧಾನಮಂಡಲ ಕಾನೂನು ತಿದ್ದಿತು, 2023ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಗಲಾಟೆಯಲ್ಲಿ ಕೋಣಕ್ಕೆ ವಕೀಲರಿದ್ದರು, ಸಂಸ್ಕೃತಿಗೂ ವಕೀಲರಿದ್ದರು. ಅದೇ ಕೆಸರಿನಲ್ಲಿ ಕೋಣಕ್ಕಿಂತ ಮುಂಚೆ ಓಡಿದ ಕೊರಗನ ಹೆಸರನ್ನು ಎಷ್ಟು ಜನ ಎತ್ತಿದರು?

ಕೋಣದ ನೋವು ಸುಳ್ಳು ಅಂತ ನಾವು ಹೇಳುತ್ತಿಲ್ಲ. ಬಾರುಕೋಲು ಬಿದ್ದರೆ ಕೋಣಕ್ಕೆ ನೋಯುತ್ತದೆ. ಇದನ್ನು ತಿಳಿಯಲು ನಮಗೆ ತತ್ವಜ್ಞಾನಿ ಬೇಕಾಗಿಲ್ಲ. ಬಾಸುಂಡೆಯ ಲಿಪಿ ನಮಗೆ ಓದಲು ಬರುತ್ತದೆ.

*

ಇಲ್ಲಿ ನಮ್ಮ ಚಳುವಳಿಯ ಗೆಳೆಯರ ಜೊತೆಗೇ ಒಂದು ಜಗಳ ಇದೆ. 'ನಾವು ಪ್ರಾಣಿಗಳಲ್ಲ, ನಾವೂ ಮನುಷ್ಯರು' ಅಂತ ಮೆರವಣಿಗೆಗಳಲ್ಲಿ ಕೂಗುತ್ತೇವೆ. ತಹಸೀಲ್ದಾರರಿಗೆ ಕೊಡುವ ಮನವಿಯಲ್ಲಿ 'ನಮ್ಮನ್ನೂ ಮನುಷ್ಯರೆಂದು ಪರಿಗಣಿಸಬೇಕಾಗಿ ಕೋರುತ್ತೇವೆ' ಅಂತ ಬರೆಯುತ್ತೇವೆ. ಪರಿಗಣಿಸಬೇಕಾಗಿ! ಈ ಪದವನ್ನು ಸ್ವಲ್ಪ ಬಾಯಲ್ಲಿಟ್ಟು ನೋಡಿ. ಪರಿಗಣಿಸುವವನು ಯಾರು? ಅವನ ಮನುಷ್ಯತ್ವವನ್ನು ಪರಿಗಣಿಸಿದವರು ಯಾರು? ಗೆರೆ ಎಳೆದವನ ಮುಂದೆಯೇ ಕೈಕಟ್ಟಿ ನಿಂತು, ಅಯ್ಯಾ ನನ್ನನ್ನು ಆ ಕಡೆಗೆ ಸೇರಿಸಿಕೋ ಅನ್ನುವುದು ಗೆರೆಯನ್ನು ಒಪ್ಪಿಕೊಂಡ ಹಾಗೆ. ಇವತ್ತು ಪರಿಗಣಿಸಿದವನು ನಾಳೆ ಬೆಳಿಗ್ಗೆ ಪರಿಗಣಿಸದೆಯೂ ಇರಬಲ್ಲ.

1968ರಲ್ಲಿ ಅಮೆರಿಕದ ಮೆಂಫಿಸ್ ನಗರದ ಕಸ ಎತ್ತುವ ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಇಬ್ಬರು ಕೆಲಸಗಾರರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿ ಸತ್ತಿದ್ದರು. ಸುಮಾರು 1300 ಜನ ಕೆಲಸ ಬಿಟ್ಟು ಬೀದಿಗೆ ಬಂದರು. ಅವರ ಎದೆಯ ಮೇಲಿನ ಫಲಕದಲ್ಲಿ ನಾನು ಮನುಷ್ಯ ಎಂದಷ್ಟೇ ಇತ್ತು. ಪರಿಗಣಿಸಿ ಎಂದಿರಲಿಲ್ಲ, 'ನಾನೂ' ಎಂಬ ದೀರ್ಘವೂ ಇರಲಿಲ್ಲ. ಜೊತೆಗೆ ಕೂಲಿ ಹೆಚ್ಚಿಸಿ, ನಮ್ಮ ಸಂಘವನ್ನು ಒಪ್ಪಿಕೊಳ್ಳಿ ಎಂದು ಕೇಳಿದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಅದೇ ತಿಂಗಳು ನಗರಸಭೆ ಸಂಘವನ್ನು ಒಪ್ಪಿಕೊಂಡಿತು. ಅವರು ಮನುಷ್ಯರೆಂದು ರುಜುವಾತು ಮಾಡಿ ಗೆಲ್ಲಲಿಲ್ಲ. ಕಸ ಎತ್ತುವುದನ್ನು ನಿಲ್ಲಿಸಿ ಗೆದ್ದರು.

ಇನ್ನೊಂದು ಮಾತು. 'ನಾವು ಪ್ರಾಣಿಗಳಲ್ಲ' ಅನ್ನುವಾಗ ಪ್ರಾಣಿಗೆ ಏನು ಬೇಕಾದರೂ ಮಾಡಬಹುದು ಅಂತ ನಾವೇ ಒಪ್ಪಿದ ಹಾಗಾಗುತ್ತದೆ. ಯಾಕೆ ಒಪ್ಪಬೇಕು? ಡಾರ್ವಿನ್ 1871ರಲ್ಲೇ ಬರೆದ: ಮನುಷ್ಯನ ಮನಸ್ಸಿಗೂ ಮೇಲುಸ್ತರದ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ದೊಡ್ಡದೇ, ಆದರೆ ಅದು ಹೆಚ್ಚು ಕಡಿಮೆಯ ಅಂತರ, ಬಗೆಯ ಅಂತರ ಅಲ್ಲ. ಸಲಕರಣೆ ಮಾಡುವವನೇ ಮನುಷ್ಯ ಎಂದು ಬೀಗುತ್ತಿದ್ದರು. 1960ರಲ್ಲಿ ಜೇನ್ ಗುಡಾಲ್ ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಒಂದು ಚಿಂಪಾಂಜಿ ಕಡ್ಡಿಯ ಎಲೆ ಸವರಿ, ಹುತ್ತಕ್ಕೆ ತೂರಿಸಿ, ಗೆದ್ದಲು ಹಿಡಿದು ತಿನ್ನುವುದನ್ನು ಕಂಡರು. ಆ ಗೆರೆಯೂ ಅಳಿಸಿತು. ಈ ವಿಜ್ಞಾನ ನಮಗೆ ಹೆದರಿಕೆ ಹುಟ್ಟಿಸುವುದಿಲ್ಲ. ಉಳುವ ಎತ್ತಿನ ಸುಸ್ತು, ಈಯುವ ಹಸುವಿನ ಸಂಕಟ, ಸತ್ತ ದನದ ಪಕ್ಕೆಲುಬು ಎಲ್ಲವನ್ನೂ ಕೈಯಿಂದ ಮುಟ್ಟಿ ಬಲ್ಲವರು ನಾವು. ಗೋವನ್ನು ತಾಯಿ ಅನ್ನುವವರು ತಾಯಿ ಸತ್ತ ಮೇಲೆ ನಮ್ಮ ಕೇರಿಗೆ ಹೇಳಿ ಕಳಿಸುತ್ತಾರೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ತೊಗಲು ಸುಲಿಯುತ್ತಿದ್ದ ದಲಿತ ಯುವಕರನ್ನು ಕಾರಿಗೆ ಕಟ್ಟಿ ಹೊಡೆದರು. ಅಲ್ಲಿಯ ದಲಿತರು ಏನು ಮಾಡಿದರು? ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದು, ನಿಮ್ಮ ತಾಯಿಯ ಮಣ್ಣು ನೀವೇ ಮಾಡಿಕೊಳ್ಳಿ ಅಂದರು. ಒಂದು ಸಲ ಕೈ ಹಿಂದಕ್ಕೆ ತೆಗೆದರೆ ಏಣಿ ಹೇಗೆ ಅಲ್ಲಾಡುತ್ತದೆ ನೋಡಿ.

*

ಪ್ರಾಣಿದಯೆ ದೊಡ್ಡದು. ಆದರೆ ದಯೆ ಬೇರೆ, ಹಕ್ಕು ಬೇರೆ. 2014ರಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಒಳಗೆ ಎರಡು ತೀರ್ಪು ಕೊಟ್ಟಿತು. ಮೇ ತಿಂಗಳದ್ದು ಜಲ್ಲಿಕಟ್ಟು ತೀರ್ಪು. ಪ್ರಾಣಿಗೂ ಘನತೆಯ ಬದುಕಿದೆ ಅಂದಿತು. ಅದು ದೇಶಕ್ಕೆಲ್ಲ ಗೊತ್ತಾಯಿತು. ಮಾರ್ಚ್ ತಿಂಗಳದ್ದು ಸಫಾಯಿ ಕರ್ಮಚಾರಿಗಳ ತೀರ್ಪು. ಮಲದ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂದಿತು. ಅದು ಎಷ್ಟು ಜನರಿಗೆ ಗೊತ್ತು? 2023ರಲ್ಲಿ ಆ ಹಣ 30 ಲಕ್ಷವಾಯಿತು. ಮಲ ಬಳಿಯುವುದನ್ನು ನಿಷೇಧಿಸಿದ ಕಾನೂನು 1993ರಲ್ಲೂ ಬಂತು, 2013ರಲ್ಲೂ ಬಂತು. ಸಾವಿನ ದರ ಏರಿದೆ, ಗುಂಡಿ ಅಲ್ಲೇ ಇದೆ.

ಈಗ ಅರಿಸ್ಟಾಟಲ್‌ನ ಮಾತಿಗೆ ಮರಳೋಣ. ದನಿ ನೋವನ್ನು ಹೇಳುತ್ತದೆ, ಮಾತು ಅನ್ಯಾಯವನ್ನು ಹೇಳುತ್ತದೆ. ಆ ಗೆರೆ ಇವತ್ತು ನಮ್ಮ ಸಾಹಿತ್ಯ ವಿಮರ್ಶೆಯ ಒಳಗೇ ಕೂತಿದೆ. ನಾವು ಪದ್ಯ ಬರೆದರೆ ದೊಡ್ಡ ವಿಮರ್ಶಕರು ಹೇಳುವುದೇನು? ನೋವು ಇದೆ, ಆದರೆ ಇದು ಬರೀ ಕೂಗು, ಕಾವ್ಯ ಆಗಿಲ್ಲ. ಅಳು ಬರೆದರೆ ಬೆನ್ನು ತಟ್ಟುತ್ತಾರೆ. ಇಂಥವನು ಇಷ್ಟು ಎಕರೆ ನುಂಗಿದ ಅಂತ ಬರೆದರೆ ಘೋಷಣೆಯಾಯಿತು ಅನ್ನುತ್ತಾರೆ. ಅಂದರೆ ನಮಗೆ ದನಿ ಇರಬಹುದು, ಮಾತು ಇರಕೂಡದು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಬೆಂಕಿ ಹತ್ತಿಕೊಂಡಿತು. ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಬೂಸಾ ಅಂದರೆ ದನದ ಮೇವು. ತಮ್ಮ ಪುಸ್ತಕವನ್ನು ದನದ ಮೇವು ಅಂದದ್ದಕ್ಕೆ ಸಿಟ್ಟಾದವರು, ಜನವನ್ನೇ ದನ ಮಾಡಿದ್ದಕ್ಕೆ ಯಾವ ಕಾಲದಲ್ಲಿ ಸಿಟ್ಟಾಗಿದ್ದರು?

2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದರ ವಿರುದ್ಧ, ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಪೇಪರಿನವರು ಅದನ್ನು ಮನಕಲಕುವ ದೃಶ್ಯ ಅಂದರು. ಅದು ದೃಶ್ಯ ಅಲ್ಲ, ಮಾತು. ಅವರು ನೋವು ಹೇಳಲಿಲ್ಲ. ಈ ಹೊಲಸು ಯಾರದು ಎಂದು ಕೇಳಿದರು. ಹಾಗೆ ಕೇಳಬಲ್ಲ ಜೀವವನ್ನು ಯಾವ ಶಾಸ್ತ್ರದ ಅಪ್ಪಣೆಯೂ ಮನುಷ್ಯ ಮಾಡಬೇಕಾಗಿಲ್ಲ.

ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಯಾವ ಮಗುವಿಗೂ 'ದನ ಕಾಯೋಕೆ ಹೋಗು' ಅನ್ನಬೇಡಿ. ದನ ಕಾಯುವುದು ಕೀಳು ಅಂತಲ್ಲ. ಮಳೆ, ಮೇವು, ದನದ ರೋಗ, ಕಾಡಿನ ದಾರಿ ಎಲ್ಲ ಬಲ್ಲ ಆ ವಿದ್ಯೆಯನ್ನು ನೀವು ಶಿಕ್ಷೆಯಾಗಿ ಕೊಡಬೇಡಿ ಅಂತ. ವಿದ್ಯಾರ್ಥಿ ಗೆಳೆಯರೇ, ಮನುಷ್ಯ ವಿಚಾರಶೀಲ ಪ್ರಾಣಿ ಎಂದು ಉತ್ತರ ಪತ್ರಿಕೆಯಲ್ಲಿ ಬರೆದ ಮೇಲೆ ಜಾಗ ಉಳಿದಿದ್ದರೆ, ಆ ಮಾತನ್ನು ಹೇಳಿದವನ ಮನೆಯಲ್ಲಿ ಗುಲಾಮರಿದ್ದರು ಎಂದೂ ಬರೆಯಿರಿ. ಮಾರ್ಕು ಹೋದರೆ ಹೋಗಲಿ. ಸಂಘಟನೆಯ ಸಂಗಾತಿಗಳೇ, ಮುಂದಿನ ಮನವಿಯಿಂದ 'ಪರಿಗಣಿಸಿ' ಎಂಬ ಪದವನ್ನು ಹೊಡೆದು ಹಾಕಿ. ಆ ಜಾಗದಲ್ಲಿ ಸರ್ವೆ ನಂಬರು ಬರೆಯಿರಿ, ಎಷ್ಟು ಎಕರೆ ಎಷ್ಟು ಗುಂಟೆ ಬರೆಯಿರಿ, ಬಾಕಿ ಕೂಲಿ ಎಷ್ಟು ರೂಪಾಯಿ ಬರೆಯಿರಿ, ಯಾವ ತಾರೀಕಿನ ಒಳಗೆ ಅಂತ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ.